ವಿಶ್ವವಿದ್ಯಾಲಯ ಆವರಣದ ಸಮ್ಮೇಳನ: ಪ್ರಯಾಣ ಮತ್ತು ವಸತಿಯ ಪೂರ್ವಸಿದ್ಧತೆ

ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳು ತಮ್ಮ ಆವರಣದಲ್ಲಿ ನಡೆಸುವ ಸಮ್ಮೇಳನಗಳಿಗೆ ಇತ್ತೀಚಿನ ವರ್ಷಗಳಲ್ಲಿ ಸಣ್ಣ ಉದ್ಯಮಿಗಳನ್ನೂ ಆಹ್ವಾನಿಸತೊಡಗಿವೆ. ಎರಕ, ಲೋಹ ಸಂಸ್ಕರಣೆ, ಆಹಾರ ಸಂಸ್ಕರಣೆ, ಜವಳಿ, ಪ್ಲಾಸ್ಟಿಕ್, ವಿದ್ಯುನ್ಮಾನ ಮುಂತಾದ ವಿಷಯಗಳ ಸಮ್ಮೇಳನಗಳಲ್ಲಿ ಪಾಲ್ಗೊಳ್ಳುವುದು ಕಾರ್ಖಾನೆಯ ದೈನಂದಿನ ಸಮಸ್ಯೆಗಳಿಗೆ ಪರಿಹಾರ ಹುಡುಕಲು ಉತ್ತಮ ಮಾರ್ಗವಾಗಿದೆ. ಆದರೆ ನೋಂದಣಿ ಶುಲ್ಕವನ್ನು ತಿಂಗಳ ಮೊದಲೇ ಪಾವತಿಸುವ ಉದ್ಯಮಿ, ಪ್ರಯಾಣ ಮತ್ತು ವಸತಿಯ ವಿಚಾರವನ್ನು ಕೊನೆಯ ವಾರಕ್ಕೆ ಬಿಡುವುದು ಸಾಮಾನ್ಯ. ಇದರ ಪರಿಣಾಮವಾಗಿ ಉದ್ಘಾಟನೆ ಮುಗಿದ ಮೇಲೆ ಸಭಾಂಗಣ ತಲುಪುವುದು, ಸಂಜೆಯ ಗೋಷ್ಠಿಯ ನಡುವೆಯೇ ರೈಲಿಗಾಗಿ ಎದ್ದು ಹೋಗುವುದು ಅನಿವಾರ್ಯವಾಗುತ್ತದೆ.

ಸಂಶೋಧಕನಿಗೆ ಸಮ್ಮೇಳನವೆಂದರೆ ಪ್ರಬಂಧ ಮಂಡನೆ. ಸಣ್ಣ ಉದ್ಯಮಿಗೆ ಅದರ ಮುಖ್ಯ ಪ್ರಯೋಜನವಿರುವುದು ಬೇರೆಡೆ. ವೇದಿಕೆಯ ಮೇಲೆ ಇಪ್ಪತ್ತು ನಿಮಿಷ ಮಾತನಾಡಿದ ಪ್ರಾಧ್ಯಾಪಕರೊಡನೆ ಚಹಾ ವಿರಾಮದಲ್ಲಿ ಐದು ನಿಮಿಷ, ಅತಿಥಿಗೃಹದ ಬೆಳಗಿನ ಉಪಾಹಾರದ ವೇಳೆ ಹತ್ತು ನಿಮಿಷ, ಸಂಜೆ ಪ್ರಯೋಗಾಲಯದ ಬಾಗಿಲಲ್ಲಿ ಅರ್ಧ ಗಂಟೆ ಮಾತನಾಡಲು ದೊರೆತರೆ, ಅದೇ ಆತನ ಗಳಿಕೆ. ಈ ಅವಕಾಶಗಳೆಲ್ಲ ಅಧಿಕೃತ ಕಾರ್ಯಕ್ರಮದ ಹಿಂದೆ, ಮುಂದೆ ಮತ್ತು ನಡುವೆ ಬರುವಂಥವು. ಆದ್ದರಿಂದ ಎಲ್ಲಿ ತಂಗುವುದು, ಯಾವ ಹೊತ್ತಿಗೆ ತಲುಪುವುದು ಎಂಬ ನಿರ್ಧಾರಗಳು ಕೇವಲ ಅನುಕೂಲದ ಪ್ರಶ್ನೆಗಳಲ್ಲ. ಕಾರ್ಖಾನೆಯನ್ನು ಎರಡು ಮೂರು ದಿನ ಬಿಟ್ಟು ಬಂದುದರ ಫಲ ಅವುಗಳನ್ನೇ ಅವಲಂಬಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಪೂರ್ವಸಿದ್ಧತೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸ್ಥಳದ ಪರಿಚಯ

1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯು ಮಲ್ಲೇಶ್ವರಂ, ಯಶವಂತಪುರ ಮತ್ತು ಸದಾಶಿವನಗರಗಳ ನಡುವೆ ಇದೆ. ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪದಿಂದ, ಮೈಸೂರು ಸಂಸ್ಥಾನ ನೀಡಿದ ಭೂಮಿಯಲ್ಲಿ ಬೆಳೆದ ಈ ಸಂಸ್ಥೆಯನ್ನು ನಗರದ ಹಳಬರೂ ಬಸ್ ನಿರ್ವಾಹಕರೂ ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವುದುಂಟು. ಪರಸ್ಥಳದಿಂದ ಬರುವವರು ಈ ಹೆಸರನ್ನು ತಿಳಿದಿರುವುದು ಉಪಯುಕ್ತ.

ಉದ್ಯಮದೊಡನೆ ಈ ಸಂಸ್ಥೆಯ ನಂಟು ಹಳೆಯದು. ಶ್ರೀಗಂಧದ ಎಣ್ಣೆ ತೆಗೆಯುವ ವಿಧಾನದ ಕುರಿತು ಇಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವ್ಯಾಟ್ಸನ್ ಅವರು ನಡೆಸಿದ ಕೆಲಸವು ಮೈಸೂರು ಸರ್ಕಾರದ ಗಂಧದೆಣ್ಣೆ ಉದ್ಯಮಕ್ಕೆ ಆಧಾರವಾಯಿತು. ಸಂಸ್ಥೆಗೆ ಹೋಗುವವರು ಇಂದು ಇಳಿಯಬಹುದಾದ ಮೆಟ್ರೋ ನಿಲ್ದಾಣಗಳಲ್ಲೊಂದರ ಹೆಸರು 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಎಂಬುದು ಈ ನಂಟನ್ನು ನೆನಪಿಸುವಂತಿದೆ.

ಆವರಣವು ಸುಮಾರು 400 ಎಕರೆಯಷ್ಟು ವಿಶಾಲವಾಗಿದ್ದು, ಒಂದಕ್ಕಿಂತ ಹೆಚ್ಚು ದ್ವಾರಗಳನ್ನೂ ಹಲವು ಸಭಾಂಗಣಗಳನ್ನೂ ಹೊಂದಿದೆ. ಸರ್ ಸಿ.ವಿ. ರಾಮನ್ ರಸ್ತೆಯ ಬದಿಯ ಜೆ.ಎನ್. ಟಾಟಾ ಸಭಾಂಗಣ ಒಂದು ಕಡೆಯಾದರೆ, ಮುಖ್ಯ ಕಟ್ಟಡದೊಳಗಿನ ಫ್ಯಾಕಲ್ಟಿ ಹಾಲ್ ಇನ್ನೊಂದು ಕಡೆ. ವಿಭಾಗಗಳು ತಮ್ಮ ತಮ್ಮ ಕಟ್ಟಡಗಳಲ್ಲಿಯೇ ಗೋಷ್ಠಿಗಳನ್ನು ನಡೆಸುವುದೂ ಉಂಟು. ಆದ್ದರಿಂದ ಆಹ್ವಾನ ಪತ್ರಿಕೆಯಲ್ಲಿ ಸಂಸ್ಥೆಯ ಹೆಸರನ್ನಷ್ಟೇ ನೋಡದೆ ಮೂರು ಅಂಶಗಳನ್ನು ಗುರುತು ಮಾಡಿಕೊಳ್ಳಬೇಕು: ಸಭಾಂಗಣ ಯಾವುದು, ಪ್ರವೇಶ ಯಾವ ದ್ವಾರದಿಂದ, ನೋಂದಣಿ ಮೇಜು ಎಷ್ಟು ಗಂಟೆಗೆ ತೆರೆಯುತ್ತದೆ. ಇವು ಸ್ಪಷ್ಟವಾಗಿಲ್ಲದಿದ್ದರೆ ಸಂಘಟನಾ ಕಾರ್ಯದರ್ಶಿಗೆ ಬರೆದು ಕೇಳಬೇಕು. ದ್ವಾರದಲ್ಲಿ ತೋರಿಸಲು ಸರ್ಕಾರಿ ಗುರುತಿನ ಚೀಟಿ ಮತ್ತು ನೋಂದಣಿಯ ದೃಢೀಕರಣ ಪತ್ರ ಕೈಯಲ್ಲಿರಬೇಕು. ಸ್ವಂತ ವಾಹನದಲ್ಲಿ ಬರುವವರು ವಾಹನದ ಸಂಖ್ಯೆಯನ್ನು ಮೊದಲೇ ತಿಳಿಸಿ, ನಿಲುಗಡೆಯ ವ್ಯವಸ್ಥೆಯನ್ನು ಕೇಳಿಕೊಳ್ಳುವುದು ಒಳಿತು.

ವಸತಿ: ಮೊದಲ ಆದ್ಯತೆ ಆವರಣಕ್ಕೆ

ವಸತಿಯನ್ನು ಹುಡುಕುವಾಗ ಒಂದು ಕ್ರಮವನ್ನು ಅನುಸರಿಸುವುದು ಸೂಕ್ತ. ಮೊದಲನೆಯದು ಆವರಣದೊಳಗಿನ ಅತಿಥಿಗೃಹ. ಇಂತಹ ಅತಿಥಿಗೃಹಗಳು ಸಾಮಾನ್ಯವಾಗಿ ಹೊರಗಿನವರಿಗೆ ನೇರವಾಗಿ ಕೊಠಡಿ ನೀಡುವುದಿಲ್ಲ. ಆತಿಥೇಯ ವಿಭಾಗದ ಶಿಫಾರಸಿನ ಮೇಲೆ ಮಾತ್ರ ದೊರೆಯುತ್ತವೆ. ಕೊಠಡಿಗಳು ಕಡಿಮೆ, ಭಾಷಣಕಾರರಿಗೆ ಆದ್ಯತೆ ಹೆಚ್ಚು. ಆದರೂ ನೋಂದಣಿಯ ಜೊತೆಯಲ್ಲಿಯೇ ಲಿಖಿತ ವಿನಂತಿ ಸಲ್ಲಿಸಿದವರಿಗೆ, ಹಂಚಿಕೊಳ್ಳುವ ಕೊಠಡಿಗೆ ಒಪ್ಪುವವರಿಗೆ ಅವಕಾಶ ದೊರೆಯುವ ಸಂಭವವಿದೆ. ಹಂಚಿಕೊಂಡ ಕೊಠಡಿ ಎಂದರೆ ಬೇಸರಪಡಬೇಕಾಗಿಲ್ಲ. ಅದೇ ಕ್ಷೇತ್ರದ ಇನ್ನೊಬ್ಬ ಪ್ರತಿನಿಧಿಯೊಡನೆ ಎರಡು ರಾತ್ರಿ ಕಳೆಯುವುದು ವ್ಯಾಪಾರದ ದೃಷ್ಟಿಯಿಂದ ಲಾಭದ ಮಾತೇ.

ಎರಡನೆಯದು, ಸಂಘಟಕರು ರಿಯಾಯಿತಿ ದರದಲ್ಲಿ ಗೊತ್ತುಪಡಿಸಿದ ಹೋಟೆಲುಗಳು. ಇವುಗಳಿಗೆ ಕೊನೆಯ ದಿನಾಂಕ ಇರುತ್ತದೆ. ಅದು ಮೀರಿದ ಮೇಲೆ ಅದೇ ಕೊಠಡಿಗೆ ಪೂರ್ಣ ದರ ತೆರಬೇಕಾಗುತ್ತದೆ. ಸಂಘಟಕರು ವಾಹನ ವ್ಯವಸ್ಥೆ ಮಾಡಿದ್ದರೆ ಅದು ಹೊರಡುವುದು ಈ ಹೋಟೆಲುಗಳಿಂದಲೇ.

ಮೂರನೆಯದು, ಯಶವಂತಪುರ ಮತ್ತು ಮಲ್ಲೇಶ್ವರಂ ಭಾಗದ ವಸತಿಗೃಹಗಳು. ನಡೆದು ಇಲ್ಲವೇ ಸ್ವಲ್ಪ ಹೊತ್ತಿನ ಆಟೋ ಪ್ರಯಾಣದಲ್ಲಿ ತಲುಪಬಹುದಾದ ಈ ವಲಯವನ್ನು ಬಿಟ್ಟು ದೂರ ಹೋಗುವುದು ಕೊನೆಯ ಆಯ್ಕೆಯಾಗಬೇಕು.

ದೂರದ ಅಗ್ಗದ ಕೊಠಡಿ ನಿಜಕ್ಕೂ ಅಗ್ಗವೇ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ಸಂಸ್ಥೆಯ ಸಮೀಪದ ಕೊಠಡಿಗೆ ದಿನಕ್ಕೆ ರೂ. 2,400, ಹದಿನಾಲ್ಕು ಕಿಲೋಮೀಟರ್ ದೂರದ ಕೊಠಡಿಗೆ ರೂ. 1,600 ಎಂದಿಟ್ಟುಕೊಂಡರೆ, ಎರಡು ರಾತ್ರಿಗೆ ಉಳಿತಾಯ ರೂ. 1,600. ಬೆಂಗಳೂರಿನಲ್ಲಿ ಆಗಸ್ಟ್ 2025ರಿಂದ ಜಾರಿಯಲ್ಲಿರುವ ಆಟೋ ದರ ಮೊದಲ ಎರಡು ಕಿಲೋಮೀಟರಿಗೆ ರೂ. 36, ಅನಂತರದ ಪ್ರತಿ ಕಿಲೋಮೀಟರಿಗೆ ರೂ. 18. ಇದರಂತೆ ಹದಿನಾಲ್ಕು ಕಿಲೋಮೀಟರಿಗೆ ರೂ. 252 ಆಗುತ್ತದೆ. ಎರಡು ದಿನಗಳಲ್ಲಿ ನಾಲ್ಕು ಸಲ ಓಡಾಡಿದರೆ ರೂ. 1,008. ಕೈಯಲ್ಲಿ ಉಳಿಯುವುದು ರೂ. 592 ಮಾತ್ರ. ಅದಕ್ಕೆ ಪ್ರತಿಯಾಗಿ ನಗರದ ವಾಹನ ದಟ್ಟಣೆಯಲ್ಲಿ ನಾಲ್ಕು ಪ್ರಯಾಣಗಳ ಹೊತ್ತು, ಬೆಳಗಿನ ಮೊದಲ ಗೋಷ್ಠಿ ಮತ್ತು ಸಂಜೆಯ ಮಾತುಕತೆ ಕಳೆದುಹೋಗುತ್ತವೆ. ಯಾವ ಭೇಟಿಗಾಗಿ ಊರು ಬಿಟ್ಟು ಬಂದದ್ದೋ ಆ ಭೇಟಿಯೇ ಆರುನೂರು ರೂಪಾಯಿಗೂ ಕಡಿಮೆ ಉಳಿತಾಯಕ್ಕೆ ಬಲಿಯಾಗುತ್ತದೆ.

ಕೊಠಡಿ ಕಾಯ್ದಿರಿಸುವ ಮುನ್ನ ಅದೇ ವಾರದಲ್ಲಿ ನಗರದಲ್ಲಿ ಬೇರೆ ದೊಡ್ಡ ಕಾರ್ಯಕ್ರಮವಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಎರಡು ವರ್ಷಗಳಿಗೊಮ್ಮೆ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ, ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನ ಮುಂತಾದವುಗಳ ಸಮಯದಲ್ಲಿ ನಗರದ ಉತ್ತರ ಭಾಗದ ಕೊಠಡಿಗಳು ಬೇಗ ತುಂಬುತ್ತವೆ, ದರವೂ ಏರುತ್ತದೆ.

ರೈಲು: ಬರುವ ಹೊತ್ತು ನೋಡಿ ಆಯ್ಕೆ

ಸಮ್ಮೇಳನಗಳು ಬಹುಮಟ್ಟಿಗೆ ಬೆಳಿಗ್ಗೆ ಒಂಬತ್ತು ಗಂಟೆಯ ನಂತರ ಆರಂಭವಾಗುತ್ತವೆ. ಆದುದರಿಂದ ರೈಲು ಎಷ್ಟು ವೇಗದ್ದು ಎಂಬುದಕ್ಕಿಂತ ಅದು ಯಾವ ಹೊತ್ತಿಗೆ ತಲುಪಿಸುತ್ತದೆ ಎಂಬುದು ಮುಖ್ಯ. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಧಾರವಾಡದಿಂದ ಮಧ್ಯಾಹ್ನ ಹೊರಟು ಸಂಜೆ ಬೆಂಗಳೂರು ತಲುಪುವ ವೇಳಾಪಟ್ಟಿಯದು. ಹಿಂದಿನ ದಿನವೇ ಬರಲು ಸಿದ್ಧರಿರುವ ಧಾರವಾಡ, ಹುಬ್ಬಳ್ಳಿ, ದಾವಣಗೆರೆಯ ಉದ್ಯಮಿಗಳಿಗೆ ಇದು ಅನುಕೂಲಕರ. ಇದಕ್ಕೆ ಯಶವಂತಪುರದಲ್ಲಿ ನಿಲುಗಡೆಯೂ ಇದೆ. ಆದರೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಮತ್ತು 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲುಗಳು ಮುಂಜಾನೆ ಹೊರಟು ಮಧ್ಯಾಹ್ನದ ಹೊತ್ತಿಗೆ ತಲುಪುವಂಥವು. ಸಮ್ಮೇಳನದ ದಿನವೇ ಇವುಗಳಲ್ಲಿ ಹೊರಟವರಿಗೆ ಉದ್ಘಾಟನೆ ಮತ್ತು ಮೊದಲ ಗೋಷ್ಠಿ ತಪ್ಪುವುದು ಖಚಿತ.

ರಾತ್ರಿ ರೈಲುಗಳಾದ ಬೆಳಗಾವಿ ಕಡೆಯ ರಾಣಿ ಚೆನ್ನಮ್ಮ, ಹುಬ್ಬಳ್ಳಿ–ಬಳ್ಳಾರಿ ಕಡೆಯ ಹಂಪಿ, ಕಲಬುರಗಿ ಮಾರ್ಗದ ಉದ್ಯಾನ್ ಮುಂತಾದವು ಬೆಳಗಿನ ವೇಳೆ ಬೆಂಗಳೂರು ಸೇರುತ್ತವೆ. ಇಲ್ಲಿ ಒಂದು ತೊಡಕಿದೆ. ಬಹುತೇಕ ಹೋಟೆಲುಗಳು ಮಧ್ಯಾಹ್ನ ಹನ್ನೆರಡಕ್ಕೆ ಮೊದಲು ಕೊಠಡಿ ಕೊಡುವುದಿಲ್ಲ. ಸ್ನಾನ, ಉಡುಪು ಬದಲಾವಣೆಗೆ ಸ್ಥಳವಿಲ್ಲದೆ ನೇರವಾಗಿ ಸಭಾಂಗಣಕ್ಕೆ ಹೋಗಬೇಕಾದ ಪ್ರಸಂಗ ಬರುತ್ತದೆ. ಇದಕ್ಕೆ ಪರಿಹಾರಗಳು ಮೂರು: ಹಿಂದಿನ ರಾತ್ರಿಯಿಂದಲೇ ಕೊಠಡಿ ಕಾಯ್ದಿರಿಸುವುದು, ಬಂದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆ ಲೆಕ್ಕ ಹಾಕುವ ವಸತಿಗೃಹವನ್ನು ಆರಿಸುವುದು, ಖಚಿತ ಟಿಕೆಟ್ ಇದ್ದವರಿಗೆ ದೊರೆಯುವ ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಮುಂಚಿತವಾಗಿ ಪಡೆಯುವುದು.

ಟಿಕೆಟ್ ಕಾಯ್ದಿರಿಸುವಿಕೆಯ ನಿಯಮಗಳು ಈಚೆಗೆ ಬದಲಾಗಿರುವುದನ್ನು ಗಮನಿಸಬೇಕು. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. 2025ರ ಮೇ 1ರಿಂದ ನಿರೀಕ್ಷಣಾ ಪಟ್ಟಿಯ ಟಿಕೆಟ್ ಹಿಡಿದು ಸ್ಲೀಪರ್ ಇಲ್ಲವೇ ಹವಾನಿಯಂತ್ರಿತ ಬೋಗಿಯಲ್ಲಿ ಪ್ರಯಾಣಿಸಲು ಅವಕಾಶವಿಲ್ಲ. 2025ರ ಜುಲೈನಿಂದ ತತ್ಕಾಲ್ ಟಿಕೆಟಿಗೆ ಆಧಾರ್ ದೃಢೀಕರಣ ಕಡ್ಡಾಯವಾಗಿದೆ. ಕೊನೆಯ ದಿನ ಯಾರ ಮೂಲಕವಾದರೂ ಟಿಕೆಟ್ ಪಡೆಯಬಹುದೆಂಬ ಹಳೆಯ ಭರವಸೆ ಇನ್ನು ಕೆಲಸ ಮಾಡದು. ಸಮ್ಮೇಳನದ ದಿನಾಂಕ ಗೊತ್ತಾದೊಡನೆ ಅರುವತ್ತನೆಯ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳುವುದು ಲೇಸು. ರೈಲುಗಳ ವೇಳೆ ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಹೊರಡುವ ಮುನ್ನ ಮತ್ತೊಮ್ಮೆ ಪರಿಶೀಲಿಸಬೇಕು.

ಇಳಿಯುವ ನಿಲ್ದಾಣ

ಬೆಂಗಳೂರಿಗೆ ಟಿಕೆಟ್ ಎಂದರೆ ಸಾಲದು, ಯಾವ ನಿಲ್ದಾಣ ಎಂಬುದನ್ನು ನೋಡಬೇಕು. ಸಂಸ್ಥೆಗೆ ಅತ್ಯಂತ ಸಮೀಪದ ದೊಡ್ಡ ನಿಲ್ದಾಣ ಯಶವಂತಪುರ. ಮೆಜೆಸ್ಟಿಕ್ ಬಳಿಯ ಕೆಎಸ್‌ಆರ್ ಬೆಂಗಳೂರು ನಿಲ್ದಾಣ ಸುಮಾರು ಆರೇಳು ಕಿಲೋಮೀಟರ್ ದೂರದಲ್ಲಿದೆ. 2022ರಲ್ಲಿ ಬಳಕೆಗೆ ಬಂದ, ಬೈಯಪ್ಪನಹಳ್ಳಿ ಕಡೆಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ನಗರದ ಪೂರ್ವ ಭಾಗದಲ್ಲಿದ್ದು, ಕಲಬುರಗಿಯ ವಂದೇ ಭಾರತ್ ಸೇರಿ ಹಲವು ರೈಲುಗಳು ಅಲ್ಲಿಗೇ ಬರುತ್ತವೆ. ಈ ಮೂರರ ನಡುವಿನ ಗೊಂದಲದಿಂದ, ಹಿಂದಿರುಗುವಾಗ ರೈಲು ತಪ್ಪುವ ಸಂಭವ ಹೆಚ್ಚು. ಟಿಕೆಟಿನಲ್ಲಿ ನಿಲ್ದಾಣದ ಪೂರ್ಣ ಹೆಸರನ್ನು ಓದಿಕೊಳ್ಳಬೇಕು.

ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಹಸಿರು ಮಾರ್ಗದ ಮೆಟ್ರೋ ಅನುಕೂಲಕರ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಥವಾ ಯಶವಂತಪುರ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಆಟೋ ಹಿಡಿಯಬಹುದು. ಇದೇ ಮಾರ್ಗವು 2024ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ವಿಸ್ತರಣೆಗೊಂಡಿದೆ. ಹೀಗಾಗಿ ಯಶವಂತಪುರದಲ್ಲಿ ತಂಗಿದವರು ಸಮ್ಮೇಳನವನ್ನೂ ಮಾದಾವರದ ವಸ್ತುಪ್ರದರ್ಶನವನ್ನೂ ಒಂದೇ ಕೊಠಡಿಯಿಂದ ಮುಗಿಸಿಕೊಳ್ಳಬಹುದು.

ವಿಮಾನದಲ್ಲಿ ಬರುವವರು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸಂಸ್ಥೆಗೆ ಸುಮಾರು ಮೂವತ್ತು ಕಿಲೋಮೀಟರ್ ಕ್ರಮಿಸಬೇಕು. ಮೆಜೆಸ್ಟಿಕ್ ಕಡೆಗೆ ಹೋಗುವ ವಾಯುವಜ್ರ ಬಸ್ಸಿನಲ್ಲಿ ಮೇಖ್ರಿ ವೃತ್ತದ ಬಳಿ ಇಳಿದು ಆಟೋ ಹಿಡಿಯುವುದು ಮಿತವ್ಯಯದ ಮಾರ್ಗ. ಹಿಂದಿರುಗುವಾಗ ಹೆಬ್ಬಾಳದ ದಟ್ಟಣೆಗೆಂದು ಹೆಚ್ಚುವರಿ ಸಮಯ ಇಟ್ಟುಕೊಳ್ಳುವುದು ಅವಶ್ಯಕ.

ಬಿಲ್ಲು ಮತ್ತು ತೆರಿಗೆ

ವಸತಿಯ ಮೇಲಿನ ಜಿಎಸ್‌ಟಿ ಬಗ್ಗೆ ಉದ್ಯಮಿಗಳಲ್ಲಿ ಸಾಕಷ್ಟು ತಪ್ಪು ತಿಳಿವಳಿಕೆಯಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಕೊಠಡಿಗೆ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅದನ್ನು ಮೀರಿದ ಕೊಠಡಿಗೆ ಶೇ. 18 ಅನ್ವಯವಾಗುತ್ತದೆ. ಶೇ. 5ರ ದರಕ್ಕೆ 'ಇನ್‌ಪುಟ್ ತೆರಿಗೆ ಕ್ರೆಡಿಟ್ ಇಲ್ಲ' ಎಂಬ ಷರತ್ತಿದೆ. ಈ ಷರತ್ತು ಅನ್ವಯವಾಗುವುದು ತನ್ನ ಖರೀದಿಗಳ ಮೇಲೆ ಕ್ರೆಡಿಟ್ ಪಡೆಯಲಿಚ್ಛಿಸುವ ಹೋಟೆಲಿಗೆ. ವ್ಯವಹಾರದ ಸಲುವಾಗಿ ತಂಗಿ ತೆರಿಗೆ ತೆತ್ತ ನೋಂದಾಯಿತ ಉದ್ಯಮಿಗಲ್ಲ.

ಕ್ರೆಡಿಟ್ ದೊರೆಯಬೇಕಾದರೆ ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರಬೇಕು, ಹೋಟೆಲು ಅದನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿರಬೇಕು. ಕೊಠಡಿ ಬಿಡುವಾಗ ಅಲ್ಲ, ಕಾಯ್ದಿರಿಸುವಾಗಲೇ ಸಂಖ್ಯೆಯನ್ನು ಕೊಡುವುದು ಕ್ಷೇಮ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಈ ಸೌಲಭ್ಯವಿಲ್ಲ. ಪ್ರತ್ಯೇಕವಾಗಿ ಬಿಲ್ಲಾದ ಊಟೋಪಾಹಾರದ ಮೇಲಿನ ತೆರಿಗೆಗೂ ಸಾಮಾನ್ಯವಾಗಿ ಕ್ರೆಡಿಟ್ ಸಿಗದು.

ಇನ್ನೊಂದು ಮುಖ್ಯ ಅಂಶವಿದೆ. ವಸತಿ ಸೇವೆಯ ಪೂರೈಕೆಯ ಸ್ಥಳವೆಂದರೆ ಕಟ್ಟಡವಿರುವ ಸ್ಥಳ. ಹುಬ್ಬಳ್ಳಿಯ ಉದ್ಯಮಿ ಬೆಂಗಳೂರಿನಲ್ಲಿ ತಂಗಿದರೆ ಕೇಂದ್ರ ಮತ್ತು ಕರ್ನಾಟಕದ ತೆರಿಗೆ ಬೀಳುತ್ತದೆ, ಕ್ರೆಡಿಟ್ ದೊರೆಯುತ್ತದೆ. ಅದೇ ಉದ್ಯಮಿ ಮುಂಬಯಿ ಇಲ್ಲವೇ ಚೆನ್ನೈನ ಐಐಟಿ ಆವರಣದ ಸಮ್ಮೇಳನಕ್ಕೆ ಹೋಗಿ ಅಲ್ಲಿನ ಹೋಟೆಲಿನಲ್ಲಿ ತಂಗಿದರೆ ಆ ರಾಜ್ಯದ ತೆರಿಗೆ ಬೀಳುತ್ತದೆ. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇದ್ದವರಿಗೆ ಅದರ ಕ್ರೆಡಿಟ್ ದೊರೆಯುವುದಿಲ್ಲ. ಹೊರರಾಜ್ಯದ ಸಮ್ಮೇಳನದ ವೆಚ್ಚ ಅಂದಾಜಿಸುವಾಗ ಈ ತೆರಿಗೆಯನ್ನು ಪೂರ್ಣ ಖರ್ಚೆಂದೇ ಹಿಡಿಯಬೇಕು. ವಿಮಾನ ಟಿಕೆಟಿನ ನಿಯಮ ಬೇರೆ. ನೋಂದಾಯಿತ ವ್ಯಕ್ತಿಗೆ ನೀಡಿದ ಟಿಕೆಟಿಗೆ ಪೂರೈಕೆಯ ಸ್ಥಳ ಆತನ ನೋಂದಣಿಯ ಸ್ಥಳವೇ ಆಗಿರುವುದರಿಂದ, ಕಾಯ್ದಿರಿಸುವಾಗ ಜಿಎಸ್‌ಟಿ ಸಂಖ್ಯೆ ನಮೂದಿಸಿದವರಿಗೆ ಕ್ರೆಡಿಟ್ ಲಭ್ಯ. ಸಂದೇಹವಿದ್ದಲ್ಲಿ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಉತ್ತಮ.

ಮಾದರಿಗಳನ್ನು ಒಯ್ಯುವಾಗ

ತಜ್ಞರಿಗೆ ತೋರಿಸಲು ಬಿರುಕು ಬಿಟ್ಟ ಎರಕದ ತುಂಡು, ಬಣ್ಣ ಕೆಟ್ಟ ಬಟ್ಟೆ, ಮುರಿದ ಗೇರು ಮುಂತಾದವುಗಳನ್ನು ಒಯ್ಯುವುದು ಬಹಳ ಉಪಯುಕ್ತ. ಮಾತಿನಲ್ಲಿ ಅರ್ಧ ಗಂಟೆ ವಿವರಿಸಬೇಕಾದುದನ್ನು ವಸ್ತು ಒಂದು ನಿಮಿಷದಲ್ಲಿ ಹೇಳುತ್ತದೆ. ಇವುಗಳೊಡನೆ ಮಾರಾಟಕ್ಕಲ್ಲವೆಂದು ನಮೂದಿಸಿದ ಡೆಲಿವರಿ ಚಲನ್ ಇಟ್ಟುಕೊಳ್ಳಬೇಕು. ಸರಕಿನ ಮೌಲ್ಯ ರೂ. 50,000 ಮೀರುವಂತಿದ್ದರೆ ಇ-ವೇ ಬಿಲ್ಲಿನ ನಿಯಮವನ್ನು ಮೊದಲೇ ನೋಡಿಕೊಳ್ಳಬೇಕು. ತಿನ್ನರ್, ದ್ರಾವಕ ಮುಂತಾದ ಬೇಗ ಹೊತ್ತಿಕೊಳ್ಳುವ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು ನಿಷಿದ್ಧ. ವಿಮಾನದಲ್ಲಿ ಹರಿತವಾದ ಉಪಕರಣಗಳು ಕೈಚೀಲದಲ್ಲಿ ಇರುವಂತಿಲ್ಲ.

ಬೇರೆ ಆವರಣಗಳಲ್ಲಿ

ಇದೇ ಕ್ರಮವನ್ನು ಇತರ ಆವರಣಗಳಿಗೂ ಸ್ಥಳಕ್ಕೆ ತಕ್ಕಂತೆ ಅನ್ವಯಿಸಬಹುದು. ಮೈಸೂರಿನ ಮಾನಸಗಂಗೋತ್ರಿ ನಗರದೊಳಗೇ ಇರುವುದರಿಂದ ಓಡಾಟ ಸುಲಭ; ಆದರೆ ದಸರಾ ದಿನಗಳಲ್ಲಿ ಕೊಠಡಿ ದೊರೆಯುವುದು ದುರ್ಲಭ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಮಂಗಳೂರು ನಗರದಿಂದ ಉತ್ತರಕ್ಕೆ ದೂರದಲ್ಲಿ, ಹೆದ್ದಾರಿಯ ಬದಿಯಲ್ಲಿದೆ. ಅಲ್ಲಿ ಅತಿಥಿಗೃಹದ ವಿನಂತಿಯನ್ನು ಇನ್ನಷ್ಟು ಮುಂಚೆ ಸಲ್ಲಿಸಬೇಕು. ಕೊಂಕಣ ರೈಲು ಮಾರ್ಗದಲ್ಲಿ ಬರುವವರು ಸುರತ್ಕಲ್‌ನಲ್ಲಿ ನಿಲ್ಲುವ ರೈಲನ್ನೇ ಆರಿಸಿದರೆ ಮಂಗಳೂರಿಗೆ ಹೋಗಿ ಹಿಂದಿರುಗುವ ಶ್ರಮ ತಪ್ಪುತ್ತದೆ. ಆವರಣವು ಊರಿನಿಂದ ದೂರವಿದ್ದಷ್ಟೂ ಒಳಗೇ ತಂಗುವುದರ ಪ್ರಯೋಜನ ಹೆಚ್ಚು.

ಅರ್ಧ ದಿನದ ಬಿಡುವು

ಕೊನೆಯದಾಗಿ, ಹಿಂದಿರುಗುವ ಟಿಕೆಟನ್ನು ಸಮಾರೋಪದ ಗಂಟೆಗೆ ಹೊಂದಿಸಿ ತೆಗೆದುಕೊಳ್ಳುವುದು ಸರಿಯಲ್ಲ. ಗೋಷ್ಠಿಗಳು ತಡವಾಗುವುದು ಸಹಜ. ಅಷ್ಟೇ ಅಲ್ಲದೆ, ಪ್ರಾಧ್ಯಾಪಕರಿಗೆ ಬಿಡುವಾಗುವುದೂ ಸಮಾರೋಪ ಮುಗಿದ ಮೇಲೆಯೇ. ರಾತ್ರಿಯ ರೈಲು ಅಥವಾ ಮರುದಿನದ ಪ್ರಯಾಣವನ್ನು ಆರಿಸಿಕೊಂಡವರಿಗೆ ಪ್ರಯೋಗಾಲಯವನ್ನು ನೋಡಲು, ಪರೀಕ್ಷಾ ಸೌಲಭ್ಯ ಮತ್ತು ಸಲಹಾ ಸೇವೆಯ ಶುಲ್ಕ ವಿಚಾರಿಸಲು ಅವಕಾಶ ದೊರೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರಿಗೆ ಸಮೀಪದಲ್ಲಿಯೇ ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ, ಅದಕ್ಕೂ ಮುಂದೆ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಭೇಟಿಯ ಸಮಯವನ್ನು ಮೊದಲೇ ಗೊತ್ತುಪಡಿಸಿಕೊಂಡರೆ ಒಂದೇ ಪ್ರಯಾಣದ ಖರ್ಚಿನಲ್ಲಿ ಮೂರು ಕೆಲಸಗಳಾಗುತ್ತವೆ.

ಸಮ್ಮೇಳನದ ಆಹ್ವಾನ ಕೈಸೇರಿದ ದಿನವೇ ಅತಿಥಿಗೃಹಕ್ಕೆ ವಿನಂತಿ ಬರೆಯುವುದು, ಅರುವತ್ತನೆಯ ದಿನ ಟಿಕೆಟ್ ಪಡೆಯುವುದು, ಹಿಂದಿನ ಸಂಜೆಯೇ ತಲುಪುವುದು, ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಬರೆಸುವುದು, ಹಿಂದಿರುಗುವ ಮುನ್ನ ಅರ್ಧ ದಿನ ಉಳಿಸಿಕೊಳ್ಳುವುದು ಇವು ಯಾವುವೂ ಹೆಚ್ಚಿನ ವೆಚ್ಚದ ಕೆಲಸಗಳಲ್ಲ. ಸಣ್ಣ ಕಾರ್ಖಾನೆಯಲ್ಲಿ ಮಾಲೀಕನೊಬ್ಬ ಎರಡು ದಿನ ಇಲ್ಲದಿದ್ದರೆ ಆಗುವ ನಷ್ಟವನ್ನು ಬಲ್ಲವರಿಗೆ, ಆ ಎರಡು ದಿನಗಳ ಪ್ರತಿ ಗಂಟೆಯನ್ನೂ ಆವರಣದೊಳಗೆ ಕಳೆಯುವಂತೆ ಏರ್ಪಾಡು ಮಾಡಿಕೊಳ್ಳುವುದರ ಬೆಲೆ ತಿಳಿಯದಿರದು.